ಹಾಲು ಕರೆದವಳ ಹೆಸರು ಎಲ್ಲಿದೆ?



ಅಕ್ಟೋಬರ್ 23ರಿಂದ ಮೂರು ದಿನ ಕಿತ್ತೂರು ಉತ್ಸವ. ನವೆಂಬರ್ 11ರಂದು ಒನಕೆ ಓಬವ್ವ ಜಯಂತಿ. ನವೆಂಬರ್ 26ಕ್ಕೆ ರಾಷ್ಟ್ರೀಯ ಹಾಲು ದಿನ. ಮಾರ್ಚ್ 8 ಬಂದರೆ ಮಹಿಳಾ ದಿನಾಚರಣೆ. ವರ್ಷಕ್ಕೆ ಇಷ್ಟು ಸಲವಾದರೂ ಒಂದಲ್ಲ ಒಂದು ಕಡೆ ಶಾಮಿಯಾನ ಏಳುತ್ತದೆ, ಮೈಕ್ ಸೆಟ್ ಬರುತ್ತದೆ, ಹೆಣ್ಣುಮಕ್ಕಳ ಸಾಧನೆಯ ಮಾತು ಕಿವಿಗೆ ಬೀಳುತ್ತದೆ. ಇವೆಲ್ಲ ಬೇಕು, ಇನ್ನೂ ಹೆಚ್ಚು ಬೇಕು. ಆದರೆ ಇಂಥ ಸಮಾರಂಭದಲ್ಲಿ ನೀವು ಎಲ್ಲಿರುತ್ತೀರಿ ಎಂದು ಒಮ್ಮೆ ನೆನೆಸಿಕೊಳ್ಳಿ. ಒಂದೇ ಬಣ್ಣದ ಸೀರೆ ಉಟ್ಟು, ಪೂರ್ಣಕುಂಭ ಹೊತ್ತು, ಅತಿಥಿಗಳ ಕಾರು ಬರುವ ತನಕ ಬಿಸಿಲಲ್ಲಿ ನಿಂತಿರುತ್ತೀರಿ. ಆಮೇಲೆ ವೇದಿಕೆಯ ಕುರ್ಚಿಗಳು ತುಂಬುತ್ತವೆ. ಅದರಲ್ಲಿ ಹೆಂಗಸರು ಕೂತ ಕುರ್ಚಿ ಎಷ್ಟು? ಓಬವ್ವನ ಬಗ್ಗೆ ಒಂದು ಗಂಟೆ ಭಾಷಣ ಆಗುತ್ತದೆ. ನಿಮ್ಮ ಊರಿನ ಒಬ್ಬಳಾದರೂ ಹೆಣ್ಣುಮಗಳ ಹೆಸರು ಅದರಲ್ಲಿ ಬರುತ್ತದೆಯೇ?

ನನ್ನ ಮಾತು ಇಷ್ಟೇ. ರಾಣಿಯರ, ವೀರವನಿತೆಯರ ಜಯಂತಿಯ ಜೊತೆಗೆ, ನಿಮ್ಮ ಹಾಲಿನ ಸಂಘವನ್ನು ಕಟ್ಟಿ ನಡೆಸಿದ ಹೆಂಗಸರ ದಿನವನ್ನೂ ನೀವೇ ಮಾಡಬೇಕು. ನಿಮ್ಮ ಊರಲ್ಲೇ ಮಾಡಬೇಕು, ಈ ವರ್ಷವೇ ಮಾಡಬೇಕು.

ಓಬವ್ವನ ಕಥೆಯನ್ನೇ ನೋಡಿ. ಹೈದರಾಲಿಯ ಸೈನಿಕರು ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ನುಸುಳಿದಾಗ ಆಕೆಯ ಕೈಗೆ ಸಿಕ್ಕಿದ್ದು ಕತ್ತಿಯಲ್ಲ, ಮನೆಯ ಒನಕೆ. ಆಕೆ ರಾಣಿಯಲ್ಲ, ಕೋಟೆಯ ಕಾವಲುಗಾರನ ಹೆಂಡತಿ. ನೀರು ತರಲು ಹೋದವಳು, ಅಡುಗೆ ಮಾಡಿ ಬಡಿಸಿದವಳು. ನಮ್ಮ ನಿಮ್ಮ ಹಾಗೆ ಮನೆಗೆಲಸದ ನಡುವೆ ಇದ್ದವಳು. ಜನ ಬಾಯಿಂದ ಬಾಯಿಗೆ ಹೇಳಿಕೊಂಡು ಬಂದದ್ದರಿಂದ ಆಕೆಯ ಹೆಸರು ಬದುಕಿತು. ಸರ್ಕಾರ ಆಕೆಯ ಜಯಂತಿಯನ್ನು ಆಚರಿಸಲು ತೀರ್ಮಾನಿಸಿದ್ದು 2021ರಲ್ಲಿ. ಅಲ್ಲಿಯ ತನಕ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಆ ಹೆಸರನ್ನು ಕಾಪಾಡಿದ್ದು ಊರಿನ ಜನರ ನೆನಪು. ಅವರು ಹೇಳದೆ ಬಿಟ್ಟಿದ್ದರೆ ಜಯಂತಿಯೂ ಇಲ್ಲ, ಭಾಷಣವೂ ಇಲ್ಲ.

ಇನ್ನು ದನಕರುಗಳ ವಿಷಯಕ್ಕೆ ಬನ್ನಿ. ನಮ್ಮ ನಾಡಿನ ಎಷ್ಟೋ ಊರುಗಳ ಕೆರೆ ಏರಿಯ ಮೇಲೆ, ಗುಡಿಯ ಪಕ್ಕ ವೀರಗಲ್ಲುಗಳಿವೆ. ಅವುಗಳಲ್ಲಿ ತುರುಗೋಳಿನ ಕಲ್ಲುಗಳೇ ಬಹಳ. ಅಂದರೆ ಶತ್ರುಗಳು ಊರಿನ ದನಗಳನ್ನು ಅಟ್ಟಿಕೊಂಡು ಹೋಗುವಾಗ ಬಿಡಿಸಲು ಹೋಗಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳು. ಕೆಳಗಿನ ಸಾಲಿನಲ್ಲಿ ಹೋರಾಟ, ಒಂದು ಕಡೆ ದನದ ಹಿಂಡು. ನಡುವಿನ ಸಾಲಿನಲ್ಲಿ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು. ಆ ಕಲ್ಲಿನಲ್ಲಿ ಹೆಣ್ಣು ಕಾಣುವುದು ಅಪ್ಸರೆಯಾಗಿ. ಇಲ್ಲದಿದ್ದರೆ ಪಕ್ಕದ ಮಾಸ್ತಿಕಲ್ಲಿನಲ್ಲಿ, ಗಂಡನ ಜೊತೆ ಸತ್ತವಳ ಬಳೆ ತೊಟ್ಟ ಕೈಯಾಗಿ. ಆ ದನಗಳಿಗೆ ಹುಲ್ಲು ಹಾಕಿದವಳು, ಕರು ಬಿಟ್ಟು ಹಾಲು ಕರೆದವಳು, ಮಜ್ಜಿಗೆ ಕಡೆದವಳು ಆ ಕಲ್ಲಿನಲ್ಲಿ ಎಲ್ಲೂ ಇಲ್ಲ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಇನ್ನೊಂದು ಕಲ್ಲಿತ್ತು. ಈಗ ಅದು ಬೆಂಗಳೂರಿನ ವಸ್ತು ಸಂಗ್ರಹಾಲಯದಲ್ಲಿದೆ. ಕ್ರಿ.ಶ. 949-50ರ ಆ ಕಲ್ಲು ನಿಲ್ಲಿಸಿದ್ದು ಕಾಳಿ ಎಂಬ ಬೇಟೆನಾಯಿಗೆ. ಕಾಡುಹಂದಿಯ ಜೊತೆ ಹೋರಾಡಿ ಸತ್ತ ನಾಯಿ ಅದು. ಸಾಕಿದವನಿಗೆ ಅದರ ಮೇಲೆ ಅಷ್ಟು ಅಭಿಮಾನವಿತ್ತು, ಕಲ್ಲು ನಿಲ್ಲಿಸಿ ಹೆಸರು ಕೆತ್ತಿಸಿದ. ಸಾವಿರ ವರ್ಷ ಕಳೆದರೂ ನಾಯಿಯ ಹೆಸರು ನಮಗೆ ಗೊತ್ತು. ಅದು ಒಳ್ಳೆಯದೇ. ಆದರೆ ಆ ಕಾಲದ ಯಾವ ಹಟ್ಟಿಯಲ್ಲಿ ಯಾವ ತಾಯಿ ಹಸು ಸಾಕಿದ್ದಳು ಎಂಬುದು ಗೊತ್ತಿಲ್ಲ. ಹೆಸರು ತಾನಾಗಿ ಉಳಿಯುವುದಿಲ್ಲ, ಯಾರಾದರೂ ಉಳಿಸಬೇಕು. ಲಕ್ಕುಂಡಿಯ ಅತ್ತಿಮಬ್ಬೆಗೆ ಇದು ಚೆನ್ನಾಗಿ ಗೊತ್ತಿತ್ತು. ಪೊನ್ನ ಕವಿಯ ಶಾಂತಿಪುರಾಣ ಕಳೆದುಹೋಗಬಾರದೆಂದು ಸಾವಿರ ಪ್ರತಿ ಬರೆಸಿ ಹಂಚಿದಳು. ಆಕೆಯ ಹೆಸರು ಇವತ್ತಿಗೂ ಇರುವುದು ಕವಿ ರನ್ನ ಬರೆದಿಟ್ಟದ್ದರಿಂದ, 1007ರ ಲಕ್ಕುಂಡಿ ಶಾಸನದಲ್ಲಿ ಕೆತ್ತಿದ್ದರಿಂದ.

ನಮ್ಮ ಡೇರಿಯ ಚರಿತ್ರೆ ಅಷ್ಟು ಹಳೆಯದಲ್ಲ. ವಿಶ್ವಬ್ಯಾಂಕ್ ನೆರವಿನಿಂದ ಕರ್ನಾಟಕದಲ್ಲಿ ಹೈನು ಅಭಿವೃದ್ಧಿ ಯೋಜನೆ ಶುರುವಾದದ್ದು 1974ರಲ್ಲಿ. ಹಾಲು ಮಹಾಮಂಡಳಿ ಆದದ್ದು 1984ರಲ್ಲಿ. ಕೇಂದ್ರ ಸರ್ಕಾರದ ಸ್ಟೆಪ್ ಯೋಜನೆ 1986-87ರಲ್ಲಿ ಬಂತು. ಅದರ ನೆರವಿನಿಂದ ಹೆಂಗಸರೇ ಸದಸ್ಯರಾಗಿ, ಹೆಂಗಸರೇ ಕಾರ್ಯದರ್ಶಿ, ಹಾಲು ಪರೀಕ್ಷಕಿಯರಾಗಿ ನಡೆಸುವ ಮಹಿಳಾ ಸಂಘಗಳು ನಮ್ಮಲ್ಲಿ ಹುಟ್ಟಿಕೊಂಡವು. ಆಗ ಮೂವತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತರ ಆಸುಪಾಸು. ಅವರು ಇನ್ನೂ ನಮ್ಮ ನಡುವೆ ಇದ್ದಾರೆ. ಆದರೆ ಎಷ್ಟು ದಿನ?

ಅವರಲ್ಲಿ ಏನಿದೆ ಎಂದು ಕೇಳಬೇಡಿ, ಹೋಗಿ ಕೂತು ಮಾತಾಡಿಸಿ. ಡೇರಿ ಬರುವ ಮುಂಚೆ ಹಾಲು ಯಾರಿಗೆ ಹಾಕುತ್ತಿದ್ದಿರಿ, ಅಳತೆ ಯಾವುದು, ದುಡ್ಡು ಯಾರ ಕೈಗೆ ಬರುತ್ತಿತ್ತು? ಮೊದಲ ದಿನ ಸಂಘಕ್ಕೆ ಹಾಲು ಹಾಕಿದವರು ಎಷ್ಟು ಮನೆಯವರು? ಹಸುವಿಗೆ ಸೂಜಿ ಹಾಕಿಸಿ ಗಬ್ಬ ಕಟ್ಟಿಸುವುದನ್ನು ಮೊದಲು ಒಪ್ಪಿದ್ದು ಯಾರು? ಮನೆಯಲ್ಲಿ ಬೇಡವೆಂದಾಗ ತರಬೇತಿಗೆ ಹೋದದ್ದು ಹೇಗೆ? ಮೊದಲ ಬಟವಾಡೆ ದುಡ್ಡಿನಲ್ಲಿ ಏನು ತಂದಿರಿ? ಕಡಗೋಲಿನ ಸದ್ದಿನ ಜೊತೆ ಹಾಡುತ್ತಿದ್ದ ಪದ ಯಾವುದು? ಇವೇ ನಮ್ಮ ಚರಿತ್ರೆ. ಇದನ್ನು ಬರೆಯಲು ಹೊರಗಿನಿಂದ ಯಾರೂ ಬರುವುದಿಲ್ಲ.

ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ನೆನೆಯಿರಿ. ಅಜ್ಜಿಯಿಂದ ಕಲಿತ ವಿದ್ಯೆಯಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ದೊಡ್ಡ ಗೌರವ ಬಂದದ್ದು ಬಾಳಿನ ಕೊನೆಯ ವರ್ಷದಲ್ಲಿ. ನಮ್ಮ ಊರಿನ ಹಿರಿಯರಿಗೆ ಗೌರವ ಸಲ್ಲಿಸಲು ದೆಹಲಿಯ ಅಪ್ಪಣೆ ಕಾಯಬೇಕಾಗಿಲ್ಲ.

ಮಾಡುವುದು ಹೇಗೆ? ಕಷ್ಟವಿಲ್ಲ.

ಮೊದಲು ದಿನ ಗೊತ್ತುಮಾಡಿ. ಹಾಲು ದಿನವಾಗಲಿ, ನಿಮ್ಮ ಸಂಘ ನೋಂದಣಿಯಾದ ದಿನವಾಗಲಿ. ಹೊತ್ತು ಮಾತ್ರ ನಮ್ಮ ಹೊತ್ತಾಗಿರಬೇಕು. ಸಂಜೆ ನಾಲ್ಕಕ್ಕೆ ಕಾರ್ಯಕ್ರಮ ಇಟ್ಟರೆ ಹಾಲು ಕರೆಯುವವರು ಯಾರು? ಬೆಳಗಿನ ಹಾಲು ಹಾಕಿ, ಕೊಟ್ಟಿಗೆ ಬಳಿದು, ಅಡುಗೆ ಮುಗಿಸಿದ ಮೇಲೆ ಹನ್ನೊಂದರಿಂದ ಎರಡರವರೆಗೆ ಸಾಕು.

ಎರಡನೆಯದು, ಸಂಘದ ಮೊದಲ ಸದಸ್ಯತ್ವ ಪುಸ್ತಕ, ಮೊದಲ ನಡವಳಿ ಪುಸ್ತಕ ತೆಗೆಸಿ. ಅಲ್ಲಿರುವ ಹೆಂಗಸರ ಹೆಸರುಗಳನ್ನು ಎಲ್ಲರ ಎದುರು ಗಟ್ಟಿಯಾಗಿ ಓದಿಸಿ. ಇದ್ದವರು ಎದ್ದು ನಿಲ್ಲಲಿ. ಇಲ್ಲದವರ ಪರವಾಗಿ ಮಗಳೋ ಸೊಸೆಯೋ ನಿಲ್ಲಲಿ. ಪುಸ್ತಕದಲ್ಲಿ ಹೆಸರಿಲ್ಲದ, ಪರರ ಹಸು ಪಾಲಿಗೆ ಸಾಕಿದವರನ್ನು, ಬೇರೆಯವರ ಕೊಟ್ಟಿಗೆಯಲ್ಲಿ ಕೂಲಿಗೆ ದುಡಿದವರನ್ನು ಮರೆಯಬೇಡಿ. ಅವರ ಹೆಸರು ಆ ದಿನ ಹೊಸದಾಗಿ ಬರೆಯಿರಿ.

ಮೂರನೆಯದು, ಮನೆಯಲ್ಲಿರುವ ಹಳೆಯ ಸಾಮಾನು ತನ್ನಿ. ಕಡಗೋಲು, ಮಜ್ಜಿಗೆ ಗಡಿಗೆ, ನೆಲುವು, ಹಳೆಯ ಹಾಲಿನ ಚೀಟಿ, ಮೊದಲ ಪಾಸ್ ಬುಕ್. ಒಂದು ಮೇಜಿನ ಮೇಲೆ ಸಾಲಾಗಿ ಇಡಿ, ಯಾರ ಮನೆಯದೆಂದು ಚೀಟಿ ಅಂಟಿಸಿ. ಶಾಲೆಯ ಮಕ್ಕಳನ್ನು ಕರೆದು ತೋರಿಸಿ.

ನಾಲ್ಕನೆಯದು, ಹಿರಿಯರು ಹೇಳುವುದನ್ನು ಹೆಣ್ಣುಮಕ್ಕಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಲಿ, ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯಲಿ. ಆ ಪುಸ್ತಕ ಸಂಘದ ಬೀರುವಿನಲ್ಲಿ ಇರಲಿ. ಶಾಲು, ಹಾರ, ಹಣ್ಣಿನ ಬುಟ್ಟಿಗಿಂತ ಅದು ಬಹುಕಾಲ ಬಾಳುತ್ತದೆ.

ಇದಕ್ಕೆ ಬರುವ ಆಕ್ಷೇಪಣೆಗಳು ನಿಮಗೂ ಗೊತ್ತು. ಸಂಘದ ದುಡ್ಡು ಹಾಳು ಎನ್ನುತ್ತಾರೆ. ನೋಟ್‌ಬುಕ್ಕು, ಟೀ, ಮಂಡಕ್ಕಿಗೆ ಎಷ್ಟು ಖರ್ಚಾಗುತ್ತದೆ? ಹಳೆಯದನ್ನು ಕೆದಕಿದರೆ ಜಗಳ, ನಾನು ಮೊದಲು ನೀನು ಮೊದಲು ಎಂದಾಗುತ್ತದೆ ಎನ್ನುತ್ತಾರೆ. ಆಗಲಿ, ಎಲ್ಲರ ಮಾತೂ ಬರೆಯಿರಿ, ನೆನಪು ಒಬ್ಬರದ್ದೇ ಆಗಿರಬೇಕಿಲ್ಲ. ಹಸು ಬಿಟ್ಟು ಹೆಂಗಸರಿಗೆ ಪುರುಸೊತ್ತು ಎಲ್ಲಿ ಎನ್ನುತ್ತಾರೆ. ಪೂರ್ಣಕುಂಭ ಹೊರಲು ಸಿಗುವ ಪುರುಸೊತ್ತು ಇದಕ್ಕೂ ಸಿಗುತ್ತದೆ.

ಆದರೆ ಮುಖ್ಯ ಮಾತು ಇನ್ನೊಂದಿದೆ. ಸದಸ್ಯತ್ವ ಪುಸ್ತಕವನ್ನು ಗಟ್ಟಿಯಾಗಿ ಓದುವಾಗ ಕಿವಿಗೊಟ್ಟು ಕೇಳಿ. ಗಂಡಸರು ಹೆಂಗಸರು ಇಬ್ಬರೂ ಇರುವ ಸಂಘಗಳಲ್ಲಿ ಎಷ್ಟೋ ಮನೆಯ ಕಥೆ ಒಂದೇ. ಮೇವು ತರುವವಳು, ಸಗಣಿ ಬಾಚುವವಳು, ಕರೆಯುವವಳು, ಕ್ಯಾನ್ ಹೊತ್ತು ಡೇರಿಗೆ ನಡೆಯುವವಳು ಹೆಂಗಸು. ಪುಸ್ತಕದಲ್ಲಿರುವ ಹೆಸರು ಗಂಡನದು, ಮಾವನದು. ಬಟವಾಡೆ, ಬೋನಸ್, ಸರ್ಕಾರದ ಪ್ರೋತ್ಸಾಹಧನ ಎಲ್ಲವೂ ಆ ಹೆಸರಿನ ಖಾತೆಗೆ. ಸದಸ್ಯತ್ವ ಇಲ್ಲದವಳಿಗೆ ಮಹಾಸಭೆಯಲ್ಲಿ ಮತ ಇಲ್ಲ. ಮತ ಇಲ್ಲದವಳು ಆಡಳಿತ ಮಂಡಳಿಗೆ ನಿಲ್ಲುವಂತಿಲ್ಲ. ಮಹಿಳಾ ಸಂಘಗಳಲ್ಲೂ ಅಷ್ಟೇ, ಅಧ್ಯಕ್ಷೆಯ ಸಹಿ ಮಾತ್ರ ಅವಳದು, ಮಾತು ಗಂಡನದು ಎಂಬಂತೆ ನಡೆಯುವುದನ್ನು ನೀವೇ ನೋಡಿದ್ದೀರಿ. ಇವತ್ತಿನ ಪುಸ್ತಕದಲ್ಲಿ ಹೆಸರಿಲ್ಲದವಳು ನಾಳೆಯ ಚರಿತ್ರೆಯಲ್ಲಿ ಹೇಗೆ ಬಂದಾಳು? ಐವತ್ತು ವರ್ಷದ ಮೇಲೆ ನಿಮ್ಮ ಮೊಮ್ಮಗಳು ಆ ಪುಸ್ತಕ ತೆರೆದರೆ, ಈ ಮನೆಯಲ್ಲಿ ಹಸು ಸಾಕಿದ್ದು ತಾತ ಎಂದೇ ತಿಳಿಯುತ್ತಾಳೆ.

ಆದ್ದರಿಂದ ಆ ದಿನ ಹಾಡು, ಮಾತು, ಊಟ ಮುಗಿದ ಮೇಲೆ ಇನ್ನೊಂದು ಕೆಲಸ ಮಾಡಿ. ಸದಸ್ಯತ್ವದ ಅರ್ಜಿಗಳನ್ನು ತರಿಸಿಟ್ಟುಕೊಳ್ಳಿ. ನಿಮ್ಮ ಸಂಘದ ಬೈಲಾದಲ್ಲಿ ಏನಿದೆ, ಷೇರು ಹಣ ಎಷ್ಟು, ಎಷ್ಟು ದಿನ ಹಾಲು ಹಾಕಿರಬೇಕು ಎಂದು ಕಾರ್ಯದರ್ಶಿಯಿಂದ ಎಲ್ಲರ ಎದುರಿಗೆ ಹೇಳಿಸಿ. ಹಸು ಸಾಕುವ ಪ್ರತಿ ಹೆಣ್ಣುಮಗಳೂ ತನ್ನ ಹೆಸರಿನಲ್ಲಿ ಅರ್ಜಿ ಬರೆದು, ಸ್ವೀಕೃತಿ ಪಡೆದೇ ಮನೆಗೆ ಹೋಗಲಿ. ಹಿರಿಯರಿಗೆ ಹಾಕುವ ಹಾರಕ್ಕೆ ಅರ್ಥ ಬರುವುದು ಆಗಲೇ.

ಮುಂದಿನ ಆಡಳಿತ ಮಂಡಳಿ ಸಭೆಗೆ ಮುಂಚೆ ನಾಲ್ಕು ಜನ ಸೇರಿ ಒಂದು ಮನವಿ ಬರೆಯಿರಿ. ಸಂಘದ ಹಿರಿಯ ಮಹಿಳೆಯರ ದಿನ ಆಚರಿಸಬೇಕು, ಹಳೆಯ ಪುಸ್ತಕಗಳನ್ನು ಜೋಪಾನ ಮಾಡಬೇಕು, ಹೊಸ ಮಹಿಳಾ ಸದಸ್ಯರನ್ನು ಸೇರಿಸಿಕೊಳ್ಳಬೇಕು ಎಂದು ಮೂರು ಸಾಲು ಸಾಕು. ಕೈಯಲ್ಲಿ ಕೊಟ್ಟು ಸುಮ್ಮನಾಗಬೇಡಿ, ನಡವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ಕೇಳಿ. ಕೆಳಗೆ ನಿಮ್ಮ ಪೂರ್ತಿ ಹೆಸರು ಬರೆದು ಸಹಿ ಮಾಡಿ. ಇಂಥವರ ಹೆಂಡತಿ ಎಂದಲ್ಲ, ನಿಮ್ಮದೇ ಹೆಸರು.