ಹೈಸ್ಕೂಲ್ ಮಕ್ಕಳ ವೈದ್ಯಕೀಯ ಸಂಶೋಧನೆ: ಹೆಸರು ಯಾರದು, ಕೆಲಸ ಯಾರದು?

ಹೈಸ್ಕೂಲ್ ಮಕ್ಕಳು ಮೂಳೆ ತಜ್ಞರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡುವುದು ಒಳ್ಳೆಯ ವಿಷಯ. ಆದರೆ ವಿದೇಶದ ಕಾಲೇಜು ಸೀಟಿನ ಆಸೆಯಿಂದ ದೊಡ್ಡ ಶುಲ್ಕ ಕಟ್ಟಿ, ಬೇರೆಯವರು ಬರೆದ ಲೇಖನಕ್ಕೆ ಮಗುವಿನ ಹೆಸರು ಸೇರಿಸಿದರೆ ಅದು ವಿದ್ಯೆಯಲ್ಲ, ವ್ಯಾಪಾರ.

ಸಂಜಯನಗರದ ಮಕ್ಕಳು ದೂರ ಹೋಗಬೇಕಿಲ್ಲ. ಟಾಟಾ ಇನ್‌ಸ್ಟಿಟ್ಯೂಟ್, ರಾಮಯ್ಯ ವೈದ್ಯಕೀಯ ಕಾಲೇಜು ಹತ್ತಿರದಲ್ಲೇ ಇವೆ. ಸಂಶೋಧನೆಗೆ ಬೇಕಾದ ಪ್ರಶ್ನೆಯೂ ಅವರ ಬೆನ್ನ ಮೇಲೆಯೇ ಇದೆ: ಶಾಲಾ ಬ್ಯಾಗು. 2019ರ ರಾಜ್ಯ ಸರ್ಕಾರದ ಆದೇಶದಂತೆ ಬ್ಯಾಗು ಮಗುವಿನ ತೂಕದ ಶೇ 10ನ್ನು ಮೀರಬಾರದು. 9 ಮತ್ತು 10ನೇ ತರಗತಿಗೆ ಮಿತಿ 4ರಿಂದ 5 ಕಿಲೋ. ಇದು ಪಾಲನೆಯಾಗುತ್ತಿದೆಯೇ? ಒಂದು ತೂಕದ ಯಂತ್ರವಿದ್ದರೆ ವಿದ್ಯಾರ್ಥಿಯೇ ತೂಗಿ ಬರೆದಿಡಬಹುದು.

ಮಾರ್ಗದರ್ಶಕರ ಕೆಲಸ ಬೇರೆ. ಬೆನ್ನುನೋವಿನ ಬಗ್ಗೆ ಏನು ಕೇಳಬೇಕು ಎಂದು ಅವರು ಕಲಿಸಬೇಕು. ಭಾರದ ಬ್ಯಾಗು ಹೊತ್ತವನಿಗೆ ನೋವಿದ್ದ ಮಾತ್ರಕ್ಕೆ ಬ್ಯಾಗೇ ಕಾರಣವೆಂದು ಸಾಬೀತಾಗುವುದಿಲ್ಲ ಎಂದೂ ತಿಳಿಸಬೇಕು. ಪೋಷಕರ ಒಪ್ಪಿಗೆ, ನೈತಿಕ ಸಮಿತಿಯ ಅನುಮತಿ ಮೊದಲೇ ಆಗಿರಬೇಕು.

ಜೈಪುರದ ಕೃತಕ ಕಾಲನ್ನು ನೋಡಿ. ಬರಿಗಾಲಲ್ಲಿ ನಡೆಯುವ, ಚಕ್ಕಳಮಕ್ಕಳ ಹಾಕಿ ಕೂರುವ ನಮ್ಮ ಜನರ ಅಗತ್ಯದಿಂದಲೇ ಅದು ಹುಟ್ಟಿತು. ಮೂಳೆ ತಜ್ಞ ಡಾ. ಪಿ.ಕೆ. ಸೇಠಿ ಅವರೊಡನೆ ಅದನ್ನು ರೂಪಿಸಿದ ರಾಮಚಂದ್ರ ಶರ್ಮ ವೈದ್ಯರಲ್ಲ, ಕುಶಲಕರ್ಮಿ. 1975ರಲ್ಲಿ ಆರಂಭವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಇಂದಿಗೂ ಉಚಿತವಾಗಿ ಕೊಡುತ್ತಿದೆ.

ಲೇಖನ ಎಲ್ಲಿ ಅಚ್ಚಾಯಿತು ಎಂದು ಕೇಳುವ ಮೊದಲು, ತೂಗಿದವರು ಯಾರು, ಅದರಿಂದ ಯಾವ ಮಗುವಿನ ಹೊರೆ ಇಳಿಯಿತು ಎಂದು ಪೋಷಕರು ಕೇಳಲಿ.