ಬಿಪಿ, ಶುಗರ್ ಚೆಕ್ ಆಯ್ತು. ಬಾಯಿ ನೋಡಿದವರು ಯಾರು?

ಬೀದರ್: ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಯುವ ಹೊತ್ತಿಗೆ ಪಾನ್ ಡಬ್ಬಾ ಮುಂದೆ ನಿಂತು ನೋಡ್ರಿ. ಒಂದು ಕೈಯಲ್ಲಿ ಪಾನ್ ಮಸಾಲಾ ಪಾಕೀಟು, ಇನ್ನೊಂದರಲ್ಲಿ ತಂಬಾಕಿನ ಪಾಕೀಟು. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಒಂದು ಪಾಕೀಟು ಎರಡಾಯಿತು, ಬಾಯೊಳಗೆ ಮತ್ತೆ ಒಂದಾಯಿತು ಅಷ್ಟೇ.

ಇದು ಬರೀ ಹಲ್ಲಿನ ಮಾತಲ್ಲ. ಶುಗರ್ ಹೆಚ್ಚಾದರೆ ಸೋಂಕು ತಡೆಯುವ ಶಕ್ತಿ ಕುಗ್ಗಿ ವಸಡು ಊದುತ್ತದೆ, ರಕ್ತ ಬರುತ್ತದೆ, ಹಲ್ಲು ಅಲುಗಾಡುತ್ತವೆ. ಊದಿದ ವಸಡು ಸುಮ್ಮನಿರಲ್ಲ. ಅದು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬಂದು ಶುಗರನ್ನು ಇನ್ನೂ ಏರಿಸುತ್ತದೆ. ವಸಡಿಗೆ ಚಿಕಿತ್ಸೆ ಕೊಟ್ಟರೆ ಮೂರು ತಿಂಗಳ ಸರಾಸರಿ ಶುಗರ್ ಸ್ವಲ್ಪ ಇಳಿಯುವುದು ಅಧ್ಯಯನಗಳಲ್ಲಿ ಕಂಡಿದೆ. ಹಾಗಂತ ಗುಳಿಗೆ ಬಿಡುವಂತಿಲ್ಲ, ಎರಡೂ ಬೇಕು. ಹೃದಯದ ಕವಾಟದ ತೊಂದರೆ ಇದ್ದವರಿಗಂತೂ ಬಾಯಿಯ ಸೋಂಕು ರಕ್ತದ ಮೂಲಕ ಹೃದಯ ತಲುಪುವ ಅಪಾಯವಿದೆ.

'ನಾವು ತಂಬಾಕು ಹಾಕಲ್ಲ, ಬರೀ ಮಸಾಲಾ' ಅನ್ನುವವರೂ ಕೇಳಿ. ಅಡಿಕೆ ಒಂದೇ ಸಾಕು, ಕೆನ್ನೆಯ ಒಳಭಾಗ ಬಿಗಿಯಾಗಿ ಬಾಯಿ ತೆರೆಯದಂತಾಗಲು. ಆಮೇಲೆ ಜೋಳದ ರೊಟ್ಟಿ ಎಲ್ಲಿ ಅಗಿಯೋದು? ಚಹಾ, ಬಿಸ್ಕೀಟೇ ಊಟ, ಮತ್ತೆ ಶುಗರ್ ಏರಿಕೆ.

ಜನ ಯಾಕೆ ತೋರಿಸಲ್ಲ? ಬೀದರಿನಲ್ಲಿ ಬ್ರಿಮ್ಸ್ ಇದೆ, ದಂತ ಕಾಲೇಜೂ ಇದೆ. ಆದರೆ ಔರಾದ್, ಭಾಲ್ಕಿ ಕಡೆಯ ಹಳ್ಳಿಯಿಂದ ಬಂದು ಹೋಗಲು ಒಂದು ದಿನದ ಕೂಲಿ ಹೋಗುತ್ತದೆ. ಅದಕ್ಕೇ ಮೆಡಿಕಲ್‌ನಿಂದ ನೋವಿನ ಗುಳಿಗೆ ತಗೊಂಡು ದಿನ ದೂಡುತ್ತಾರೆ. ನೋವು ಹೋಗುತ್ತದೆ, ಸೋಂಕು ಉಳಿಯುತ್ತದೆ.

ದಾರಿ ಹತ್ತಿರದಲ್ಲೇ ಇದೆ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಾಡುವ ತಪಾಸಣೆಯಲ್ಲಿ ಬಿಪಿ, ಶುಗರ್ ಜೊತೆ ಬಾಯಿ ಕ್ಯಾನ್ಸರ್ ಪರೀಕ್ಷೆಯೂ ಸೇರಿದೆ. 'ಬಾಯಿನೂ ನೋಡ್ರಿ' ಎಂದು ಕೇಳಿ ಪಡೆಯಿರಿ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ತಡ ಬೇಡ. ಕೊಳಾರದ ಕಾರ್ಖಾನೆಗಳು ಕಾರ್ಮಿಕರ ಆರೋಗ್ಯ ತಪಾಸಣೆಗೆ ಒಬ್ಬ ದಂತ ವೈದ್ಯರನ್ನು ಕರೆಸಿದರೆ ಅರ್ಧ ಕೆಲಸ ಆದಂತೆ.

ಅಂಗಡಿಯವರಿಗೂ ಒಂದು ಮಾತು. 2025ರಿಂದ ರಾಜ್ಯದಲ್ಲಿ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ವಯಸ್ಸು ಕೇಳಿದರೆ ಒಂದು ಗಿರಾಕಿ ಹೋಗಬಹುದು. ಆದರೆ ಆ ಹುಡುಗ ನಮ್ಮ ಓಣಿಯವನೇ.