ಮುಳುಗಿದ ಊರಿನ ಹಾಡು, ಅಂಗೈಯಗಲದ ಗಣಕ

ಆಲಮಟ್ಟಿಯ ಹಿನ್ನೀರು 519.6 ಮೀಟರ್ ಮಟ್ಟಕ್ಕೆ ಏರಿದಾಗ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳೂ ಕೃಷ್ಣಾ, ಘಟಪ್ರಭಾ ದಂಡೆಯ ಅನೇಕ ಹಳ್ಳಿಗಳೂ ನೀರಿನ ಪಾಲಾದವು. ಮನೆ, ಹೊಲ, ಗಿಡಮರಗಳನ್ನು ಅಧಿಕಾರಿಗಳು ಎಣಿಸಿ ಬರೆದುಕೊಂಡರು. ಪರಿಹಾರ ಸಾಕಾಯಿತೇ ಎಂಬುದು ಬೇರೆಯೇ ಮಾತು. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ನಾರಾಯಣಪುರದ ಹಿನ್ನೀರು ಸುತ್ತುವರಿದ ಐಕ್ಯಮಂಟಪಕ್ಕೆ ಬಾವಿಯಂತೆ ಗೋಡೆ ಎಬ್ಬಿಸಿ ಅದನ್ನು ಉಳಿಸಿಕೊಳ್ಳಲಾಯಿತು. ಬೀಸುವ ಪದಕ್ಕೆ, ಸೋಬಾನೆಗೆ, ಡೊಳ್ಳಿನ ಹಾಡಿಗೆ ಅಂಥ ಗೋಡೆ ಕಟ್ಟಲು ಬರುವುದಿಲ್ಲ. ಜತೆಗೂಡಿ ಹಾಡುತ್ತಿದ್ದ ಓಣಿ ನಾಲ್ಕು ದಿಕ್ಕಿಗೆ ಚದುರಿದರೆ ಹಾಡೂ ಚದುರುತ್ತದೆ.

ಉಳಿದಿರುವ ಧ್ವನಿಯ ಬಹುಪಾಲು ಇರುವುದು ಹಳೆಯ ಕ್ಯಾಸೆಟ್‌ಗಳಲ್ಲಿ. ಟೇಪಿಗೆ ಬೂಷ್ಟು ಹಿಡಿಯುತ್ತದೆ, ಕಾಂತೀಯ ಲೇಪ ಉದುರುತ್ತದೆ. ನುಡಿಸುವ ಯಂತ್ರವಂತೂ ಗುಜರಿ ಸೇರಿ ಬಹಳ ದಿನಗಳಾದವು. ಇಲ್ಲಿಯೇ ಮನೆಯಲ್ಲಿ ಕಟ್ಟಿಕೊಳ್ಳಬಹುದಾದ ಡಿಜಿಟಲ್ ಧ್ವನಿಪೆಟ್ಟಿಗೆಯ ವಿಚಾರ ಮುಖ್ಯವಾಗುತ್ತದೆ.

2012ರಲ್ಲಿ ಬ್ರಿಟನ್ನಿನ ಕೇಂಬ್ರಿಡ್ಜಿನಿಂದ ಹೊರಬಂದ ರಾಸ್ಪ್‌ಬೆರಿ ಪೈ ಎಂಬ ಒಂಟಿ ಫಲಕದ ಗಣಕವು ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲೆಂದು ರೂಪುಗೊಂಡದ್ದು. ಮ್ಯೂಸಿಕ್ ಪ್ಲೇಯರ್ ಡೀಮನ್ ಎಂಬ ಉಚಿತ ತಂತ್ರಾಂಶವನ್ನು ಹಾಕಿ, ನಾಲ್ಕು ಗುಂಡಿಗಳನ್ನೂ ಒಂದು ಸ್ಪೀಕರನ್ನೂ ಜೋಡಿಸಿದರೆ ಅದೇ ಹಾಡುಪೆಟ್ಟಿಗೆಯಾಗುತ್ತದೆ. ಪೈ ಝೀರೋದಂಥ ಅಗ್ಗದ ಮಾದರಿಯಲ್ಲಿ ಧ್ವನಿಯ ತೂತು ಇಲ್ಲದ್ದರಿಂದ ಡಿಜಿಟಲ್ ಸಂಕೇತವನ್ನು ಧ್ವನಿಯಾಗಿಸುವ ಪುಟ್ಟ ಫಲಕವೊಂದನ್ನು ಬೇರೆಯಾಗಿ ಕೂಡಿಸಬೇಕು. ಸೆಕೆಂಡಿಗೆ 128 ಕಿಲೋಬಿಟ್ ಗುಣಮಟ್ಟದಲ್ಲಿ ಒಂದು ಗಂಟೆಯ ಹಾಡು ಸುಮಾರು 58 ಮೆಗಾಬೈಟ್ ಆಗುತ್ತದೆ. ಆ ಲೆಕ್ಕದಲ್ಲಿ 32 ಗಿಗಾಬೈಟ್ ಕಾರ್ಡಿನಲ್ಲಿ 500 ಗಂಟೆಗಳಷ್ಟು ಹಾಡು ಹಿಡಿಯುತ್ತದೆ. ಬೇಡುವ ವಿದ್ಯುತ್ತು ಕೆಲವೇ ವ್ಯಾಟ್. ಬ್ಯಾಟರಿಯೊಂದಿಗೆ ಚಿಕ್ಕ ಸೌರಫಲಕ ಸಾಕು. ಆದರೆ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಾರ್ಡು ಕೆಡಬಹುದು. ನಮ್ಮ ಹಳ್ಳಿಗಳ ವಿದ್ಯುತ್ತಿನ ಗುಣ ತಿಳಿದವರು ಕಾರ್ಡನ್ನು ‘ಓದಲು ಮಾತ್ರ’ ಎಂಬ ಸ್ಥಿತಿಯಲ್ಲಿರಿಸಿ, ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿ ಕಾಪಿಡುವುದು ಕ್ಷೇಮ.

ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಈ ಪೆಟ್ಟಿಗೆಯ ಗುಣವೂ ಅಂಥದೇ: ಬಿಡಿ ಬಿಡಿಯಾದ ಭಾಗಗಳ ಕೂಡಿಕೆ. ಗುಂಡಿ ಸವೆದರೆ ಗುಂಡಿ, ಸ್ಪೀಕರ್ ಹರಿದರೆ ಸ್ಪೀಕರ್ ಬದಲಿಸಿದರಾಯಿತು. ಅಂಟಿಸಿ ಮುಚ್ಚಿದ ಅಂಗಡಿಯ ಸರಕಿಗೆ ಈ ಭಾಗ್ಯವಿಲ್ಲ. 2022ರಲ್ಲಿ ಜಗತ್ತು ಹೊರಚೆಲ್ಲಿದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಕಾಲುಭಾಗವೂ ಕ್ರಮಬದ್ಧ ಮರುಬಳಕೆಗೆ ಹೋದ ದಾಖಲೆಯಿಲ್ಲ. ಆದ್ದರಿಂದಲೇ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮನೆಯ ಮೂಲೆಯಲ್ಲಿ ನಡೆಯುವ ಸ್ಥಿತಿಯ ಹಳೆಯ ಮೊಬೈಲು ಇದ್ದರೆ ಹೊಸ ಫಲಕ ಕೊಳ್ಳುವುದು ಅನಗತ್ಯ. ಹಾಡಿಗೆ ಅದೇ ಸಾಕು. ಪರಿಸರದ ಹೆಸರಿನಲ್ಲಿ ಕೊಳ್ಳುವ ಚಟವೂ ಒಂದು ಚಟವೇ.

ಪೆಟ್ಟಿಗೆ ಕಟ್ಟುವುದಕ್ಕಿಂತ ಅದನ್ನು ತುಂಬುವುದು ಕಷ್ಟದ ಕೆಲಸ. ಹಾಡುವ ಅಜ್ಜಿಯ ಒಪ್ಪಿಗೆ ಬೇಕು. ಆಕೆಯ ಹೆಸರು, ಊರು, ಹಾಡುವ ಸಂದರ್ಭ ಧ್ವನಿಯೊಡನೆಯೇ ದಾಖಲಾಗಬೇಕು. ಮೊದಲ ಪ್ರತಿ ಅವಳ ಮನೆಗೇ ಸೇರಬೇಕು. ಬಾದಾಮಿಯ ಗುಡ್ಡದ ಸಾಲಿನಿಂದ ಇಳಕಲ್ಲಿನ ಮಗ್ಗದ ಓಣಿಗಳವರೆಗೆ ಶಾಲೆಯ ಮಕ್ಕಳೇ ಇದನ್ನು ಮಾಡಬಲ್ಲರು. ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು 2010ರ ತೀರ್ಪಿನಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರ್‌ವರೆಗೆ ಏರಿಸಲು ಅನುಮತಿಸಿದೆ. ಆ ಗೆರೆಯ ಕೆಳಗಿರುವ ಊರುಗಳಿಂದಲೇ ಕೆಲಸ ಆರಂಭವಾಗಲಿ.